ರೂವಾರಿಯ ಹೆಸರು ಎಲ್ಲಿದೆ? ಜಕಣಾಚಾರಿಯ ಆಚೆಗೆ ಕಲ್ಲು ಕೆಲಸದವರ ಚರಿತ್ರೆ

“ಜಕಣಾಚಾರಿಯ ಹೆಸರು ಬೇಲೂರಿನ ಯಾವ ಶಾಸನದಲ್ಲಿದೆ ಸಾರ್? ಸಂಪುಟ, ನಂಬರು ಕೊಟ್ಟರೆ ಸಾಕು, ಉಳಿದದ್ದು ನಾನೇ ನೋಡ್ಕೋತೀನಿ.”

ಹಳೇ ಮೈಸೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಕೇಳಿದ ಪ್ರಶ್ನೆ ಇದು. ತಮ್ಮ ಊರಿನ ಕಲ್ಲು ಕೆಲಸದ ಮನೆಗಳ ಇತಿಹಾಸವನ್ನು ಅವರು ಬರೆಯುತ್ತಿದ್ದಾರೆ. ಇಡೀ ಸಮುದಾಯ ಅಂದರೆ ಒಂದೇ ಬೀದಿ. ಒರಳು, ರುಬ್ಬುವ ಗುಂಡು, ಬೀಸುವ ಕಲ್ಲು, ಅಪರೂಪಕ್ಕೊಂದು ನಾಗರಕಲ್ಲು ಮಾಡಿ ಬದುಕಿದವರು. ಮಿಕ್ಸಿ ಗ್ರೈಂಡರ್ ಬಂದ ಮೇಲೆ ಆ ಕೆಲಸವೂ ನಿಂತಿತು. ಹುಡುಗರು ಬೆಂಗಳೂರಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುತ್ತಿದ್ದಾರೆ. ಪುಸ್ತಕದ ಮೊದಲ ಅಧ್ಯಾಯ ಜಕಣಾಚಾರಿಯಿಂದಲೇ ಶುರುವಾಗಬೇಕು ಎಂದು ಬೀದಿಯ ಹಿರಿಯರ ಹಟವಂತೆ. “ಅವನಿಲ್ಲದಿದ್ದರೆ ನಾವು ಯಾರು?” ಎಂದು ಕೇಳಿದರಂತೆ.

ಬೇಲೂರಿನಲ್ಲಿ ಓದಿರುವ ರೂವಾರಿಗಳ ಸಹಿಗಳಲ್ಲಿ ಆ ಹೆಸರಿಲ್ಲ. ಮೇಷ್ಟ್ರಿಗೆ ಅದನ್ನೇ ಹೇಳಿದೆ. ಆದರೆ ‘ಇಲ್ಲ’ ಅಂತ ಹೇಳಿ ಫೋನಿಟ್ಟರೆ ಅದು ಅರ್ಧ ಉತ್ತರ. ಜಕಣಾಚಾರಿ ಒಬ್ಬನನ್ನೇ ಹುಡುಕುವ ಭರದಲ್ಲಿ, ಕಲ್ಲಿನ ಮೇಲೆ ನಿಜವಾಗಿ ಕೂತಿರುವ ಹತ್ತಾರು ಹೆಸರುಗಳನ್ನು ನಾವು ದಾಟಿಕೊಂಡು ಹೋಗುತ್ತೇವೆ. ಈ ಬರಹ ಆ ಹೆಸರುಗಳ ಬಗ್ಗೆ.

ಮೊದಲು ಕತೆಯ ವಿಚಾರ. ಕೈದಾಳದ ಜಕಣ, ಅವನನ್ನು ಹುಡುಕಿಕೊಂಡು ಬಂದ ಮಗ ಡಂಕಣ, ವಿಗ್ರಹದ ಹೊಟ್ಟೆಯೊಳಗಿನ ಕಪ್ಪೆ, ಕತ್ತರಿಸಿಕೊಂಡ ಕೈ, ದೇವರ ಕೃಪೆಯಿಂದ ಆ ಕೈ ಮತ್ತೆ ಬಂದದ್ದು: ನಮ್ಮಲ್ಲಿ ಇದನ್ನು ಕೇಳದೆ ಬೆಳೆದವರಿಲ್ಲ. 1964ರಲ್ಲಿ ಬಿ.ಎಸ್. ರಂಗ ಅವರ ‘ಅಮರಶಿಲ್ಪಿ ಜಕಣಾಚಾರಿ’ ಬಣ್ಣದಲ್ಲಿ ಬಂದ ಮೇಲಂತೂ ಕತೆಗೆ ಕಲ್ಯಾಣ್‌ಕುಮಾರರ ಮುಖವೂ ಸಿಕ್ಕಿತು. ಕೈ ಬಂದದ್ದರಿಂದ ಊರಿಗೆ ಕೈದಾಳ ಎಂಬ ಹೆಸರು ಎನ್ನುತ್ತಾರೆ. ಆದರೆ ತುಮಕೂರಿನ ಹತ್ತಿರದ ಆ ಊರಿನಲ್ಲಿ 12ನೇ ಶತಮಾನದ ನಡುವಿನ ಒಂದು ದೊಡ್ಡ ಶಾಸನವಿದೆ. ರೈಸ್ ಅದನ್ನು ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಅಲ್ಲಿ ಗುಡಿ ಕಟ್ಟಿಸಿದವನು ಬಾಚಿ ಎಂಬ ಸಾಮಂತ. ಊರಿನ ಹೆಸರು ಆಗಲೇ ಕಯ್ದಾಳ. ಕೈ ಕತ್ತರಿಸಿಕೊಂಡ ಶಿಲ್ಪಿಯ ಸುದ್ದಿ ಇಲ್ಲ. ಹೆಸರು ಮೊದಲಿತ್ತು, ಅದನ್ನು ಬಿಡಿಸಿ ಹೇಳಲು ಕತೆ ಆಮೇಲೆ ಹುಟ್ಟಿತು. ಊರ ಹೆಸರುಗಳ ಕತೆಗಳಲ್ಲಿ ಬಹುಪಾಲು ಹೀಗೇ.

ಹಾಗಂತ ಕತೆ ಸುಳ್ಳು ಎಂದು ತಿಪ್ಪೆಗೆಸೆಯುವ ಅಗತ್ಯ ಇಲ್ಲ. ಧಾರವಾಡದ ಕಡೆ ಹೋಗಿ, ಯಾವ ಹಳೆಯ ಗುಡಿ ತೋರಿಸಿದರೂ ಹಿರಿಯರು “ಜಕಣಾಚಾರಿ ಕಟ್ಟಿದ್ದು” ಅನ್ನುತ್ತಾರೆ. ಮಹಾರಾಷ್ಟ್ರಕ್ಕೆ ಹೋದರೆ ಅಂಥದೇ ಗುಡಿ ‘ಹೇಮಾಡಪಂತಿ’ ಆಗುತ್ತದೆ. ಕಟ್ಟಿದವರ ನೆನಪು ಅಳಿಸಿಹೋದ ಕಡೆ ಜನ ಒಂದು ಹೆಸರನ್ನು ಇಟ್ಟುಕೊಂಡಿದ್ದಾರೆ, ಅಷ್ಟೆ. ‘ದಕ್ಷಿಣಾಚಾರ್ಯ’ ಎನ್ನುವುದೇ ಬಾಯಲ್ಲಿ ಸವೆದು ಜಕಣಾಚಾರಿ ಆಗಿರಬೇಕು ಎಂಬ ಊಹೆಯೂ ಉಂಟು. ನನಗೆ ಅದು ಪೂರ್ತಿ ಒಪ್ಪಿಗೆ ಅಲ್ಲ, ಇರಲಿ.

ಈಗ ಕಲ್ಲಿಗೆ ಬರೋಣ. ಬೇಲೂರಿನ ಚೆನ್ನಕೇಶವ, ಶಾಸನದ ಮಾತಲ್ಲಿ ವಿಜಯನಾರಾಯಣ, 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ದೇವರು. ಅಲ್ಲಿನ ದೊಡ್ಡ ಶಾಸನವನ್ನು ಎಲ್ಲರೂ ಓದುತ್ತಾರೆ, ವಂಶಾವಳಿ, ದಂಡಯಾತ್ರೆ, ತಲಕಾಡು, ಎಲ್ಲಾ ಇದೆ. ಮದನಿಕೆಯರ ಪೀಠದ ಮೇಲೆ, ವಿಗ್ರಹಗಳ ಕಾಲ ಬುಡದಲ್ಲಿ ಇರುವ ಕಿರುಬರಹಗಳನ್ನು ನೋಡುವವರು ಕಡಿಮೆ. ರೈಸ್ 1902ರ ಹಾಸನ ಸಂಪುಟದಲ್ಲಿ ಈ ಬರಹಗಳಿಗೆ ಜಾಗ ಕೊಟ್ಟರು. ಆರ್. ನರಸಿಂಹಾಚಾರ್ ಅವರು 1917ರಲ್ಲಿ ಸೋಮನಾಥಪುರದ ಮೇಲೆ, 1919ರಲ್ಲಿ ಬೇಲೂರಿನ ಮೇಲೆ ಬರೆದ ಸಣ್ಣ ಪುಸ್ತಕಗಳಲ್ಲಿ ಯಾವ ವಿಗ್ರಹ ಯಾರ ಕೈಯದು ಎಂದು ಕೂತು ಪಟ್ಟಿ ಮಾಡಿದರು. ರಾಜರ ಕಾಲಾನುಕ್ರಮವೇ ಇತಿಹಾಸ ಎಂದು ನಂಬಿದ್ದ ಕಾಲದಲ್ಲಿ ಅಷ್ಟು ತಾಳ್ಮೆ ತೋರಿಸಿದರಲ್ಲ, ಅದು ದೊಡ್ಡದು.

ಆ ಪಟ್ಟಿಯಲ್ಲಿ ಎದ್ದು ಕಾಣುವವನು ಬಳ್ಳಿಗ್ರಾಮೆಯ ದಾಸೋಜ. ಅವನ ಮಗ ಚಾವಣ. ಜೊತೆಗೆ ಚಿಕ್ಕಹಂಪ, ಮಲ್ಲಿಯಣ್ಣ, ಗದುಗಿನ ನಾಗೋಜ. ಹೆಸರಿನ ಜೊತೆ ಬಂದಿರುವ ಊರುಗಳನ್ನು ಗಮನಿಸಿ. ಬಳ್ಳಿಗ್ರಾಮೆ ಅಂದರೆ ಇವತ್ತಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ಬನವಾಸಿ ನಾಡಿನ ದೊಡ್ಡ ಪಟ್ಟಣ, ಚಾಲುಕ್ಯರ ಆಳ್ವಿಕೆಯ ಜಾಗ. ಗದಗ ಇನ್ನೂ ಬಡಗಲ ಕಡೆ. ವಿಷ್ಣುವರ್ಧನ ಆಗ ಹೆಸರಿಗೆ ಚಾಲುಕ್ಯರ ಮಾಂಡಲಿಕ, ಮನಸ್ಸಿನಲ್ಲಿ ಸ್ವತಂತ್ರ. 1116ರಲ್ಲಿ ಚೋಳರಿಂದ ತಲಕಾಡು ಗೆದ್ದವನು ಗುಡಿ ಕಟ್ಟಿಸುವಾಗ ಕೆಲಸಗಾರರನ್ನು ತರಿಸಿದ್ದು ಚಾಲುಕ್ಯರ ಸೀಮೆಯಿಂದ. ನಮ್ಮ ಪಠ್ಯಪುಸ್ತಕಗಳು ‘ಹೊಯ್ಸಳ ಶೈಲಿ’ ಎಂದು ಒಂದೇ ಮಾತಲ್ಲಿ ಮುಗಿಸುವುದರ ಬೇರು ಬಳ್ಳಿಗಾವಿಯ, ಗದಗಿನ ಕಲ್ಲಂಗಳದಲ್ಲಿದೆ. ದೊಡ್ಡ ಶಾಸನದಲ್ಲಿ ಈ ವಿಷಯ ಒಂದಕ್ಷರ ಇಲ್ಲ. ಹೇಳುತ್ತಿರುವುದು ಮದನಿಕೆಯ ಕಾಲಡಿಯ ಅರ್ಧ ಸಾಲು.

ಬಿರುದುಗಳೂ ಇವೆ. ಎದುರಾಳಿ ರೂವಾರಿಗಳೆಂಬ ಬೆಟ್ಟಕ್ಕೆ ತಾನು ವಜ್ರಾಯುಧ ಎಂಬ ಧಾಟಿಯವು. ಇವನ್ನು ಓದಿ ನಗುವವರನ್ನು ನೋಡಿದ್ದೇನೆ. ನಗಬೇಕಾಗಿಲ್ಲ. ಮಾಂಡಲಿಕರು, ದಂಡನಾಯಕರು ಇಟ್ಟುಕೊಳ್ಳುತ್ತಿದ್ದ ಬಿರುದುಗಳ ಮಾದರಿಯನ್ನೇ ಉಳಿ ಹಿಡಿದವನೂ ಇಟ್ಟುಕೊಂಡ, ಅದನ್ನು ದೇವರ ಗುಡಿಯ ಮೇಲೆ ಕೆತ್ತಿದ, ಯಾರೂ ಅಳಿಸಲಿಲ್ಲ. ತನ್ನ ಕಸುಬಿನಲ್ಲಿ ಪೈಪೋಟಿ ಇತ್ತು ಎಂದೂ, ಆ ಪೈಪೋಟಿಯನ್ನು ನೋಡಿ ಮೆಚ್ಚುವ ಜನ ಇದ್ದರು ಎಂದೂ ಅವನು ಹೇಳುತ್ತಿದ್ದಾನೆ.

ಈ ಅಭ್ಯಾಸ ಹೊಯ್ಸಳರ ಕಾಲಕ್ಕೆ ಹೊಸದಲ್ಲ. ಐಹೊಳೆಯ ಒಂದು ಚಿಕ್ಕ ಬರಹದಲ್ಲಿ ನರಸೊಬ್ಬ ಎಂಬವನನ್ನು ಕುರಿತು, ಮನೆ ದೇಗುಲ ಕಟ್ಟುವುದರಲ್ಲಿ ಇವನಂಥವನು ಜಂಬೂದ್ವೀಪದಲ್ಲೇ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದಿಲ್ಲ ಎಂಬರ್ಥದ ಮಾತಿದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಗೆ ಬನ್ನಿ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, 8ನೇ ಶತಮಾನದ ಕೆಲಸ. ಸೂತ್ರಧಾರಿಯ ಹೆಸರು ಗುಂಡ. ಅವನಿಗೆ ಅನಿವಾರಿತಾಚಾರಿ, ತ್ರಿಭುವನಾಚಾರಿ ಎಂಬ ಹೆಸರುಗಳು. ಇನ್ನೊಂದು ಬರಹದಲ್ಲಿ ಸರ್ವಸಿದ್ಧಿ ಆಚಾರಿ, ತೆಂಕಣ ದಿಶೆಯ ಸೂತ್ರಧಾರಿ. ‘ಅನಿವಾರಿತ’ ಎನ್ನುವುದು ರಾಜನ ಬಿರುದು. ರಾಜನ ಬಿರುದಿಗೆ ‘ಆಚಾರಿ’ ಸೇರಿಸಿ ಕೆಲಸಗಾರನಿಗೆ ಕೊಡುವ ಮರ್ಯಾದೆ ಅದು. ಶ್ರವಣಬೆಳಗೊಳದಲ್ಲಿ ಹೊಯ್ಸಳಾಚಾರಿ ಎಂಬವನು ಸಿಗುತ್ತಾನೆ, ಅದೇ ಲೆಕ್ಕ. ಆ ಪಟ್ಟದಕಲ್ಲಿನ ಬರಹಗಳಲ್ಲೇ ಇನ್ನೊಂದು ಸಂಗತಿ ಇದೆ. ಕುಲದಿಂದ ಹೊರಗೆ ಹಾಕಿದ್ದ ಕೆಲವರನ್ನು ಮತ್ತೆ ಒಳಗೆ ಸೇರಿಸಿಕೊಂಡ ವಿಚಾರ ಎಂದು ಫ್ಲೀಟ್ ಅದನ್ನು ಓದಿದರು. ಮಾತು ಕಠಿಣ, ಅರ್ಥದ ಬಗ್ಗೆ ಜಗಳವಾಡಬಹುದು. ಆದರೆ ಫ್ಲೀಟರ ಓದು ಸರಿಯಾದರೆ, ಒಂದು ಕಸುಬಿನ ಜನ ತಮ್ಮ ಗೌರವವನ್ನು ಗುಡಿಯ ಗೋಡೆಯ ಮೇಲೆ ದಾಖಲು ಮಾಡಿಸಿಕೊಂಡದ್ದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಸಿಗುವುದು ಕಷ್ಟ. ಮೇಷ್ಟ್ರ ಪುಸ್ತಕದ ಮೊದಲ ಅಧ್ಯಾಯಕ್ಕೆ ನಾನಾದರೆ ಇದನ್ನೇ ಇಡುತ್ತೇನೆ.

ಇನ್ನೊಂದು ಹೆಸರನ್ನು ಬಿಡಲಾಗದು. ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ ಕಂಬದ ಬೋದಿಗೆಯೊಂದರ ಮೇಲಿನ ಬರಹ, ಸೋಗೆಯ ಪದೋಜನ ಶಿಷ್ಯ ಬಮ್ಮೋಜನದು. ಕಲಿಯುಗದ ವಿಶ್ವಕರ್ಮ, 64 ಕಲೆಗಳನ್ನು ಬಲ್ಲವನು, ನಾಗರ, ಕಾಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಬಗೆಯ ಕಟ್ಟಡಗಳನ್ನು ಅರಿತವನು ಎಂದು ಅಲ್ಲಿದೆ. ಗುಡಿಗಳ ಬಗೆಗಳ ಬಗ್ಗೆ ವಿದ್ವಾಂಸರು ಪುಟಗಟ್ಟಲೆ ಚರ್ಚೆ ಮಾಡುವಾಗ ಈ ಬೋದಿಗೆಯ ಬರಹವನ್ನು ಉಲ್ಲೇಖಿಸುತ್ತಾರೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಇಲ್ಲಿ ಬಮ್ಮೋಜ ತನ್ನ ಅಪ್ಪನ ಹೆಸರು ಹೇಳುವುದಿಲ್ಲ, ಗುರುವಿನ ಹೆಸರು ಹೇಳುತ್ತಾನೆ. ಕಸುಬು ಯಾವಾಗಲೂ ಅಪ್ಪನಿಂದ ಮಗನಿಗೇ ಇಳಿಯಿತು ಎಂದು ನಾವು ಹಿಡಿದಿರುವ ತೀರ್ಮಾನಕ್ಕೆ ಈ ಒಂದು ಸಾಲು ಅಡ್ಡ ನಿಲ್ಲುತ್ತದೆ.

ಅದೇ ಜಾಡಿನಲ್ಲಿ ‘ಓಜ’ ಎಂಬ ಕೊನೆಯ ವಿಚಾರವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಸಮುದಾಯದ ಇತಿಹಾಸ ಬರೆಯುವವರು ಜಾರಿ ಬೀಳುವ ಜಾಗ ಇದು. ಸಂಸ್ಕೃತದ ಉಪಾಧ್ಯಾಯ ಪ್ರಾಕೃತದಲ್ಲಿ ಸವೆದು ನಮ್ಮಲ್ಲಿ ಓಜ ಆಯಿತು, ಅರ್ಥ ಕಲಿಸುವವನು. ಕಲ್ಲು, ಕಬ್ಬಿಣ, ಬಂಗಾರ, ಮರ, ಎಲ್ಲಾ ಕೆಲಸದವರ ಹೆಸರಲ್ಲೂ ಇದು ಬರುತ್ತದೆ. ಆದ್ದರಿಂದ ಶಾಸನದಲ್ಲಿ ಒಬ್ಬ ‘ಓಜ’ ಕಂಡ ಕೂಡಲೇ “ನಮ್ಮವನು” ಎಂದು ಬರೆದುಕೊಳ್ಳುವಂತಿಲ್ಲ. ಮರುಮಗ್ಗುಲೂ ಉಂಟು. ಹೊಯ್ಸಳರ ಕಾಲದ ಅತಿ ಹೆಚ್ಚು ಸಹಿ ಮಾಡಿದ ರೂವಾರಿ ಮಲ್ಲಿತಮ್ಮನ ಹೆಸರಲ್ಲಿ ಓಜವೂ ಇಲ್ಲ, ಆಚಾರಿಯೂ ಇಲ್ಲ. ಸೋಮನಾಥಪುರದ ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ, ಬಾಲೆಯ, ಯಾರಿಗೂ ಇಲ್ಲ. ನಿಮ್ಮ ಪಕ್ಕದ ಮನೆಯವರ ಹೆಸರಿನಂತಿವೆ. ಆಗ ಉಳಿ ಹಿಡಿದವರೆಲ್ಲ ಒಂದೇ ಕುಲದವರು ಎಂದು ಈ ಹೆಸರುಗಳನ್ನು ಇಟ್ಟುಕೊಂಡು ಸಾಧಿಸುವುದು ನನಗಂತೂ ಆಗದ ಕೆಲಸ. ಸಮುದಾಯದ ಸ್ಮರಣ ಸಂಚಿಕೆಗೆ ಇದು ಹಿಡಿಸುವ ಮಾತಲ್ಲ, ಗೊತ್ತು.

ಮಲ್ಲಿತಮ್ಮನ ಬಗ್ಗೆ ಸ್ವಲ್ಪ ನಿಲ್ಲೋಣ. ಸೋಮನಾಥಪುರದಲ್ಲಿ ಅವನ ಸಹಿಯ ಸುಮಾರು 40 ವಿಗ್ರಹಗಳಿವೆ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ‘ಮಲ್ಲಿ’, ಕೆಲವು ಕಡೆ ಬರೀ ‘ಮ’. ಈ ‘ಮ’ ನೋಡಿದಾಗ ಇದು ಹೆಮ್ಮೆಯ ಸಹಿಯೋ, ಕೂಲಿ ಲೆಕ್ಕದ ಗುರುತೋ ಎಂದು ಅನುಮಾನ ಬರುತ್ತದೆ. ಇಷ್ಟು ವಿಗ್ರಹ ಮುಗಿಸಿದ್ದೀನಿ ಎಂದು ಪಾರುಪತ್ಯಗಾರನಿಗೆ ತೋರಿಸಲು ಹಾಕಿದ ಗುರುತೂ ಆಗಿರಬಹುದು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ 1246ರದು. ಅಲ್ಲಿ ಹೊರಗೋಡೆಯ ತೆಂಕಣ ಮಗ್ಗುಲಿನ ವಿಗ್ರಹಗಳ ಮೇಲೆ ನಂದಿಯ ಬೈಚೋಜನ ಹೆಸರು, ಬಡಗಣ ಮಗ್ಗುಲಿನಲ್ಲಿ ಮಲ್ಲಿತಮ್ಮನ ಹೆಸರು. ಒಂದೇ ಗುಡಿಯನ್ನು ಇಬ್ಬರು ಮೇಸ್ತ್ರಿಗಳು ಪಾಲು ಹಾಕಿಕೊಂಡಿದ್ದಾರೆ. ಹೋದರೆ ಎರಡೂ ಕಡೆ ಒಂದು ಸುತ್ತು ಹಾಕಿ, ಇಬ್ಬರ ಕೈಗೂ ಇರುವ ವ್ಯತ್ಯಾಸ ಓದು ಬರಹ ಬಾರದವರಿಗೂ ಕಾಣುತ್ತದೆ.

ಈಗ ಲೆಕ್ಕ ಹಾಕಿ. ತರೀಕೆರೆ ಹತ್ತಿರದ ಅಮೃತಾಪುರ 1196ರದು, ಅಲ್ಲೂ ಮಲ್ಲಿತಮ್ಮ ಇದ್ದಾನೆ. ಸೋಮನಾಥಪುರ 1258. ನಡುವೆ 62 ವರ್ಷ. ಇಪ್ಪತ್ತರ ಹುಡುಗ ಎಂಬತ್ತು ದಾಟಿದ ಮೇಲೂ ಉಳಿ ಹಿಡಿದಿದ್ದ ಎಂದು ಒಪ್ಪುವವರು ಇದ್ದಾರೆ, ಅವನ ಕೈ ಬೆಳೆದ ಬಗೆಯನ್ನು ಚಂದವಾಗಿ ವಿವರಿಸಿಯೂ ಇದ್ದಾರೆ. ನನ್ನ ಅಂದಾಜು ಬೇರೆ. ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ರೂಢಿ. ಒಬ್ಬ ಮಲ್ಲಿತಮ್ಮ ಅಲ್ಲ, ಇಬ್ಬರಿರಬಹುದು. ಸಾಧಿಸಲು ಅಪ್ಪನ ಹೆಸರಿರುವ ಒಂದು ಸಹಿ ಸಿಗಬೇಕು.

ಗುಡಿಯ ವಿಗ್ರಹಗಳಷ್ಟೇ ಅಲ್ಲ, ಶಾಸನವನ್ನು ಕೆತ್ತಿದವನೂ ಕಲ್ಲು ಕೆಲಸದವನೇ. ಹೇಳಿ ರಚಿಸಿದವನು ಕವಿ, ಅಕ್ಷರ ಬರೆದುಕೊಟ್ಟವನು ಸೇನಬೋವನೋ ಹೆಗ್ಗಡೆಯೋ, ಉಳಿ ಹಿಡಿದು ಕಂಡರಿಸಿದವನು ರೂವಾರಿ. ಶ್ರವಣಬೆಳಗೊಳದ ಶಾಸನಗಳ ಕೊನೆಯಲ್ಲಿ ಗಂಗಾಚಾರಿ ಬರುತ್ತಾನೆ, ಬಿರುದು ‘ಬಿರುದ ರೂವಾರಿ ಮುಖತಿಲಕ’. ಹೊಯ್ಸಳಾಚಾರಿಯ ಮಗ ವರ್ಧಮಾನಾಚಾರಿಗೂ ಅದೇ ಬಿರುದು. ಮಗನ ಹೆಸರು ವರ್ಧಮಾನ ಅಂದಮೇಲೆ ಆ ಮನೆಯ ಒಲವು ಜೈನದ ಕಡೆ ಎಂದು ಬೇರೆ ಹೇಳಬೇಕಾಗಿಲ್ಲ. ಸಂಪುಟಗಳಲ್ಲಿ ಓದುವಾಗ ನಾವು ಪ್ರಶಸ್ತಿ ಓದುತ್ತೇವೆ, ದಾನದ ಭಾಗ ಓದುತ್ತೇವೆ, ‘ಸ್ವದತ್ತಾಂ ಪರದತ್ತಾಂ’ ಬಂದ ಕೂಡಲೇ ಮುಗಿಯಿತು ಎಂದು ಹಾಳೆ ತಿರುವುತ್ತೇವೆ. ಸಣ್ಣ ಸಮುದಾಯದ ಇತಿಹಾಸ ಬರೆಯುವವರು ಅಲ್ಲಿಂದ ಓದಲು ಶುರು ಮಾಡಬೇಕು. ಶಾಪಾಶಯದ ಆಚೆ ಇರುವ ಒಂದೂವರೆ ಸಾಲಿನಲ್ಲಿ ನಿಮ್ಮವರು ಕೂತಿರುತ್ತಾರೆ.

ಮೇಷ್ಟ್ರಿಗೆ ಹೇಳಿದ ಕೆಲಸದ ಕ್ರಮವನ್ನು ಇಲ್ಲೂ ಹೇಳುತ್ತೇನೆ, ಬೇರೆಯವರಿಗೂ ಬೇಕಾಗಬಹುದು. ನಿಮ್ಮ ತಾಲ್ಲೂಕಿನ ಸಂಪುಟ ತೆಗೆದುಕೊಂಡು ಪ್ರತಿ ಶಾಸನದ ಕೊನೆಯ ಸಾಲುಗಳನ್ನು ಮಾತ್ರ ಬರೆದುಕೊಳ್ಳಿ: ಹೆಸರು, ಅಪ್ಪನ ಅಥವಾ ಗುರುವಿನ ಹೆಸರು, ಊರು, ಬಿರುದು, ಕಾಲ. ವೀರಗಲ್ಲು, ಮಾಸ್ತಿಕಲ್ಲು ಬಿಡಬೇಡಿ. ಆಮೇಲೆ ಬೀದಿಯ ಹಿರಿಯರ ಹತ್ತಿರ ಕೂತು ಬೇರೆ ಪಟ್ಟಿ ಮಾಡಿ: ಹೆಣ್ಣು ತರುವ ಊರುಗಳು ಯಾವುವು, ಮನೆದೇವರು ಎಲ್ಲಿ, ಕಲ್ಲು ಎಬ್ಬಿಸುತ್ತಿದ್ದ ಬಂಡೆಗೆ ಏನು ಹೆಸರು, ಚಾಣ ಸುತ್ತಿಗೆಗಳಿಗೆ ಮನೆಮಾತಲ್ಲಿ ಏನನ್ನುತ್ತಾರೆ. ಹೆಳವರು ಬರುವ ಮನೆತನವಾದರೆ ಅವರು ಹೇಳುವುದನ್ನು ಧ್ವನಿಮುದ್ರಣ ಮಾಡಿ, ಅರ್ಧದಲ್ಲಿ ತಡೆದು ಪ್ರಶ್ನೆ ಕೇಳಬೇಡಿ. ಹಳೆಯ ಇನಾಂ ಕಾಗದ ಇದ್ದರೆ ಫೋಟೋ ತೆಗೆದಿಡಿ. ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಊರ ಹೆಸರುಗಳು ಎಲ್ಲಾದರೂ ಕೂಡಿದರೆ ಅಲ್ಲಿ ಅಗೆಯಿರಿ. ಕೂಡದಿದ್ದರೆ ಬಲವಂತವಾಗಿ ಕೂಡಿಸಬೇಡಿ. 800 ವರ್ಷದ ನಡುವೆ ಜನ ವಲಸೆ ಹೋಗಿದ್ದಾರೆ, ಕಸುಬು ಬದಲಿಸಿದ್ದಾರೆ, ಹೊಸಬರು ಬಂದು ಸೇರಿದ್ದಾರೆ.

ಕಲ್ಲಿನ ಮೇಲೆ ಚಾಕ್‌ಪೀಸ್ ಉಜ್ಜಬೇಡಿ, ಸುಣ್ಣ ಬಳಿಯಬೇಡಿ, ತಂತಿ ಬ್ರಷ್ ಅಂತೂ ಮುಟ್ಟಲೇಬೇಡಿ. ರಾತ್ರಿ ಹೊತ್ತು ಟಾರ್ಚನ್ನು ಓರೆಯಾಗಿ ಹಿಡಿದರೆ ಹಗಲು ಕಾಣದ ಅಕ್ಷರ ಎದ್ದು ಬರುತ್ತದೆ. ಈ ಕಿರುಬರಹಗಳ ಕಷ್ಟ ಏನೆಂದರೆ, ಅವು ಶಾಸನದಂತೆ ಕಾಣುವುದಿಲ್ಲ. ದೊಡ್ಡ ಶಾಸನಕ್ಕೆ ಈಗೀಗ ಬೇಲಿ, ಬೋರ್ಡು ಬರುತ್ತಿದೆ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಆದರೆ ಹಳ್ಳಿಯ ಗುಡಿಯಲ್ಲಿ ಜೀರ್ಣೋದ್ಧಾರ ಎಂದು ಪೀಠಕ್ಕೆ ಆಯಿಲ್ ಪೇಂಟ್ ಬಳಿದರೆ, ಕಾಲ ಬುಡದಲ್ಲಿದ್ದ ನಾಲ್ಕಕ್ಷರ ಮುಚ್ಚಿಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಮೇಷ್ಟ್ರು ಕೊನೆಗೆ ಕೇಳಿದ್ದು, “ಈ ಕೆಲಸಕ್ಕೆ ಅವರಿಗೇನು ಸಿಗುತ್ತಿತ್ತು?” ಎಂದು. ಇದಕ್ಕೆ ಒಳ್ಳೆಯ ಉತ್ತರ ಸಿಗುವುದು ವಿಜಯನಗರದ ತಾಮ್ರಪಟಗಳಲ್ಲಿ. ಕೃಷ್ಣದೇವರಾಯ, ಅಚ್ಯುತರಾಯರ ಎಷ್ಟೋ ತಾಮ್ರಪಟಗಳ ಕೊನೆಯಲ್ಲಿ ಎರಡು ಹೆಸರು ಜೋಡಿಯಾಗಿ ಬರುತ್ತವೆ: ರಚಿಸಿದ ಸಭಾಪತಿ, ಕೆತ್ತಿದ ಮಲ್ಲಣನ ಮಗ ವೀರಣಾಚಾರ್ಯ. ಸಂಸ್ಕೃತದಲ್ಲಿ ಅವನನ್ನು ‘ತ್ವಷ್ಟಾ’ ಎಂದು ಕರೆದಿದೆ. ಆ ಮನೆತನ ತಲೆಮಾರುಗಳ ಕಾಲ ಅರಮನೆಯ ತಾಮ್ರಪಟ ಕೆತ್ತಿತು. ಅಗ್ರಹಾರದ ಭೂಮಿಯನ್ನು ವೃತ್ತಿಗಳಾಗಿ ಹಂಚುವಾಗ ಕೆಲವು ಪಟಗಳಲ್ಲಿ ಕೆತ್ತಿದವನಿಗೂ ಪಾಲು ಬರೆದಿದೆ. ಯಾವ ಊರು, ಎಷ್ಟು ಪಾಲು ಎಂಬುದು ಅದೇ ಪಟದಲ್ಲಿ ಇರುತ್ತದೆ. ರಾಯರ ತಾಮ್ರಪಟಗಳು ಎಪಿಗ್ರಾಫಿಯಾ ಇಂಡಿಕಾದಲ್ಲೂ ಕರ್ನಾಟಿಕಾದಲ್ಲೂ ಚದುರಿವೆ. ಮೇಷ್ಟ್ರು ತಮ್ಮ ಜಿಲ್ಲೆಯವನ್ನು ಒಂದೊಂದಾಗಿ ತೆಗೆದು, ಕೊನೆಯ ಹಾಳೆಯಿಂದ ಓದಲು ಶುರು ಮಾಡಿದ್ದಾರೆ.